ಹಾಲಿನ ಪರೀಕ್ಷೆಗೆ ಸೀಸೆ ಹಿಡಿಯುವ ಕ್ರಮ

ಕೆಚ್ಚಲು ಬಾವು ಬಂದ ಹಸು ಔಷಧಿಗೆ ಬಗ್ಗದಿದ್ದರೆ, ಪಶುವೈದ್ಯರು ಹಾಲನ್ನು ಪ್ರಯೋಗಶಾಲೆಗೆ ಕಳಿಸೋಣ ಎನ್ನುತ್ತಾರೆ. ಅಲ್ಲಿ ಹಾಲಿನೊಳಗಿನ ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಅದು ಸಾಯುತ್ತದೆಂದು ನೋಡುತ್ತಾರೆ. ಇದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಪ್ರಯೋಗಶಾಲೆಯವರು ನಿಮ್ಮ ಹಸುವನ್ನು ಕಂಡವರಲ್ಲ. ಅವರ ಕಣ್ಣಿಗೆ ಬೀಳುವುದು ಒಂದು ಸೀಸೆ, ಅದರ ಮೇಲೊಂದು ಚೀಟಿ, ಅಷ್ಟೆ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ, ಕೇಳಿ. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ರೈತರ ಎರಡು ಹಸುಗಳ ಹಾಲನ್ನು ನಾನೇ ಒಯ್ದೆ. ಗುರುತನ್ನು ಮುಚ್ಚಳದ ಮೇಲೆ ಬರೆದಿದ್ದೆ. ಪರೀಕ್ಷೆಗೆಂದು ಮುಚ್ಚಳ ತೆಗೆದು ಪಕ್ಕಕ್ಕಿಟ್ಟ ಮೇಲೆ ಯಾವ ಸೀಸೆ ಯಾವ ಹಸುವಿನದೆಂದು ಹೇಳುವವರೇ ಇಲ್ಲ! ಮತ್ತೆ ಹಾಲು ತನ್ನಿ ಎಂದರು. ಹೋಗಿಬರುವುದರಲ್ಲಿ ನಾಲ್ಕು ದಿನ ಕಳೆಯಿತು. ಅಷ್ಟರಲ್ಲಿ ಒಂದು ಹಸುವಿನ ಒಂದು ಮೊಲೆ ಬತ್ತಿಹೋಯಿತು. "ಹೋಗಲಿ ಬಿಡಿ ಸ್ವಾಮಿ" ಎಂದರು ಯಜಮಾನರು. ಮನೆಯಾಕೆ ಮಾತ್ರ ಏನೂ ಅನ್ನಲಿಲ್ಲ. ಆ ಹಾಲಿನ ದುಡ್ಡಿನಲ್ಲೇ ಆಕೆ ಸಾಲದ ಕಂತು ಕಟ್ಟುತ್ತಿದ್ದರು.

ಆದುದರಿಂದ ಈ ಕ್ರಮವನ್ನು ನೆನಪಿಡಿ.

ಒಂದು: ಮನೆಯ ಸೀಸೆ ಬೇಡ. ಉಪ್ಪಿನಕಾಯಿ ಸೀಸೆ, ಔಷಧಿ ಸೀಸೆ ಎಷ್ಟು ತೊಳೆದರೂ ಅದರ ಅಂಶವೋ, ಬೇರೆ ಕ್ರಿಮಿಯೋ ಉಳಿದಿರಬಹುದು. ಕ್ರಿಮಿರಹಿತ ಸೀಸೆಯನ್ನು ಪಶು ಆಸ್ಪತ್ರೆಯಲ್ಲೇ ಕೇಳಿ ಪಡೆಯಿರಿ. ಹಾಲು ಹಿಡಿಯುವ ಗಳಿಗೆಯ ತನಕ ಮುಚ್ಚಳ ತೆಗೆಯಬೇಡಿ.

ಎರಡು: ಹೊಸ ಔಷಧಿ ಶುರುಮಾಡುವ ಮೊದಲೇ ಹಾಲು ಹಿಡಿಯಿರಿ. ಆಗಲೇ ಔಷಧಿ ಕೊಟ್ಟಿದ್ದರೆ ಯಾವುದು, ಯಾವಾಗ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಮೂರು: ಕೈ ತೊಳೆಯಿರಿ. ಕೆಚ್ಚಲನ್ನು ತೊಳೆದು ಒಣಬಟ್ಟೆಯಿಂದ ಒರೆಸಿ. ಮೊದಲ ಮೂರು ನಾಲ್ಕು ಧಾರೆಯನ್ನು ಬೇರೆ ಪಾತ್ರೆಗೆ ಕರೆದು ಚೆಲ್ಲಿ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೊಲೆಯ ತುದಿಯನ್ನು, ಹತ್ತಿ ಬೆಳ್ಳಗೆ ಬರುವ ತನಕ, ಉಜ್ಜಿ. ಅದು ಆರಲಿ. ಆಮೇಲೆ ಸೀಸೆಯನ್ನು ಓರೆಯಾಗಿ ಹಿಡಿದು ಒಂದೆರಡು ಚಮಚದಷ್ಟು ಹಾಲು ಕರೆಯಿರಿ. ಸೀಸೆಯ ಬಾಯಿ ಮೊಲೆಗೆ ತಾಗಬಾರದು. ಮುಚ್ಚಳವನ್ನು ನೆಲದ ಮೇಲಿಡಬಾರದು, ಅದರ ಒಳಭಾಗಕ್ಕೆ ಬೆರಳು ತಾಗಿಸಬಾರದು. ಒಂದೊಂದು ಮೊಲೆಗೆ ಒಂದೊಂದು ಸೀಸೆ.

ನಾಲ್ಕು: ಗುರುತು ಸೀಸೆಯ ಮೈಮೇಲೆ, ಮುಚ್ಚಳದ ಮೇಲಲ್ಲ. ಯಜಮಾನರ ಹೆಸರು, ಊರು, ತಾರೀಖು, ಹಸುವಿನ ಕಿವಿ ಓಲೆಯಲ್ಲಿರುವ 12 ಅಂಕಿಗಳ ಸಂಖ್ಯೆ, ಯಾವ ಮೊಲೆ (ಮುಂದಿನದೋ ಹಿಂದಿನದೋ, ಎಡದ್ದೋ ಬಲದ್ದೋ) ಇಷ್ಟನ್ನೂ ನೀರಿಗೆ ಅಳಿಯದ ಹಾಗೆ ಬರೆಯಿರಿ. ವೈದ್ಯರ ಪತ್ರದಲ್ಲೂ ಇದೇ ವಿವರ ಇರಬೇಕು. ಎರಡನ್ನೂ ಒಮ್ಮೆ ತಾಳೆ ನೋಡಿಯೇ ಮನೆಯಿಂದ ಹೊರಡಿ.

ಐದು: ಸೀಸೆಗಳನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಐಸು ಇಟ್ಟು, ಅಂದೇ ತಲುಪಿಸಿ. ಬಿಸಿಲಿಗೆ ಸಿಕ್ಕ ಹಾಲಿನಲ್ಲಿ ಬೇಡದ ಕ್ರಿಮಿಯೂ ಬೆಳೆದು, ನಿಜವಾದ ರೋಗಾಣು ಅದರಡಿ ಮುಚ್ಚಿಹೋಗುತ್ತದೆ.

ಬಳಸಿದ ಸೀಸೆಯನ್ನು ಅಡಿಗೆಮನೆಗೆ ತರಬೇಡಿ, ಆಸ್ಪತ್ರೆಗೇ ಕೊಡಿ.

ಬಾಯಿಲ್ಲದ ಪ್ರಾಣಿಯ ಪರವಾಗಿ ಅಲ್ಲಿ ಮಾತಾಡುವುದು ಆ ಚೀಟಿಯೊಂದೇ. ಅದು ಸರಿಯಾಗಿರಲಿ.