ಕೊಳ್ಳುವವರನ್ನು ಕೇಳಿ ಕೆಲಸಕ್ಕೆ ಕೈ ಹಾಕೋಣ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ತೆಂಗು ಬೆಳೆಯೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯಬೇಕು, ಒಳಗಿನ ನೀರು ಇಂಗಿದ ಮೇಲೆ ಸುಲಿದು ಚಿಪ್ಪು ಒಡೆಯಬೇಕು ಅನ್ನೋದು ಮಕ್ಕಳಿಗೂ ಗೊತ್ತು. ಆದರೆ ತಿಪಟೂರಿನ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಚೀಲ ಇಳಿಸಿದಲ್ಲಿಗೆ ನಮ್ಮ ತಿಳಿವಳಿಕೆ ನಿಂತುಹೋಗುತ್ತದೆ. ಆ ಉಂಡೆ ಕೊಬ್ಬರಿ ಉತ್ತರ ಭಾರತದ ಯಾವ ಊರಿಗೆ ಹೋಯಿತು, ಅದನ್ನು ಕೊಂಡವರು ಏನು ಮೆಚ್ಚಿದರು ಎಂದು ನಾವು ಕೇಳಿದವರಲ್ಲ.

2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇತ್ತು. ಮಾರುಕಟ್ಟೆ ಧಾರಣೆ ಮಾತ್ರ ಹತ್ತು ಸಾವಿರಕ್ಕಿಂತ ಕೆಳಗಿಳಿಯಿತು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಈ ಏರಿಳಿತಕ್ಕೆ ಬೇಸತ್ತೇ ನಮ್ಮಲ್ಲಿ ಅನೇಕರು, ಸಂಘದಿಂದಲೇ ಗಾಣ ಹಾಕಿ ಎಣ್ಣೆ ತೆಗೆದು ಬೆಂಗಳೂರಿನಲ್ಲಿ ಮಾರೋಣ ಅಂತಿದ್ದಾರೆ. ಯೋಚನೆ ಒಳ್ಳೆಯದೇ. ಆದರೆ ಅದಕ್ಕೆ ಹಾಕುವ ಹಣ ನಮ್ಮ ನಿಮ್ಮೆಲ್ಲರ ಷೇರಿನ ಹಣ. ಎಣ್ಣೆ ಹೋಗದಿದ್ದರೆ ನಷ್ಟ ಬಂದು ಕೂರೋದು ನಮ್ಮ ತಲೆ ಮೇಲೇ. ಆದ್ದರಿಂದ ಗಾಣ ತರುವ ಮುಂಚೆ ಕೊಳ್ಳುವವರನ್ನು ಕೇಳೋಣ. ಈಗ ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಕಾಸಿನ ಖರ್ಚಿಲ್ಲದೆ ಉತ್ತರ ಬರುತ್ತದೆ. ಕೇಳೋದು ಸುಲಭವಾಗಿದೆ, ಸರಿಯಾಗಿ ಕೇಳೋದು ಈಗಲೂ ಕಷ್ಟವೇ.

ಮೊದಲನೆಯದು, ಪ್ರಶ್ನೆಯ ಮಾತು. "ಶುದ್ಧವಾದ ನಮ್ಮ ಹಳ್ಳಿ ಎಣ್ಣೆ ನಿಮಗೆ ಇಷ್ಟ ತಾನೇ?" ಎಂದರೆ ಯಾರು ತಾನೇ ಇಲ್ಲ ಅಂತಾರೆ? ಅದು ಉತ್ತರವನ್ನು ನಾವೇ ಬಾಯಿಗೆ ತುರುಕಿದಂತೆ. "ಬೆಲೆಯೂ ಗುಣವೂ ಒಪ್ಪಿಗೆಯೇ?" ಎನ್ನುವುದೂ ತಪ್ಪು, ಗುಣ ಒಪ್ಪಿ ಬೆಲೆ ಒಪ್ಪದವರು ಏನು ಬರೆಯಬೇಕು? ಒಂದು ಪ್ರಶ್ನೆಯಲ್ಲಿ ಒಂದೇ ಮಾತು ಇರಲಿ. "ಕೊಳ್ಳುತ್ತೀರಾ?" ಅನ್ನೋದಕ್ಕಿಂತ "ಕಳೆದ ತಿಂಗಳು ಎಷ್ಟು ಕೊಬ್ಬರಿ ಎಣ್ಣೆ ಕೊಂಡಿರಿ, ಏನು ಬೆಲೆ ಕೊಟ್ಟಿರಿ?" ಎಂದು ಕೇಳಿ. ಮುಂದಿನ ಮಾತು ಆಸೆ, ಹಿಂದಿನದು ಲೆಕ್ಕ. ತಲೆಗೆ ಹಚ್ಚಲೋ ಅಡಿಗೆಗೋ ಎಂಬುದನ್ನೂ ಬೇರೆಯಾಗಿ ಕೇಳಬೇಕು. ಕರಾವಳಿಯವರು ಅದರಲ್ಲೇ ಒಗ್ಗರಣೆ ಹಾಕುತ್ತಾರೆ. ನಮ್ಮ ಕಡೆಯವರಿಗೆ ಅದು ಹೆಚ್ಚಾಗಿ ತಲೆಯ ಎಣ್ಣೆ. ಹತ್ತು ಪ್ರಶ್ನೆ ಸಾಕು. ಎಲ್ಲರಿಗೂ ಕಳಿಸುವ ಮೊದಲು ಹತ್ತು ಜನರ ಹತ್ತಿರ ಓದಿಸಿ, ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ.

ಎರಡನೆಯದು, ಯಾರನ್ನು ಕೇಳಬೇಕು ಅನ್ನೋದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನಕ್ಕೆ ಕಾಗದ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ವಿಳಾಸ ತೆಗೆದದ್ದು ಟೆಲಿಫೋನು, ಮೋಟಾರು ಇದ್ದವರ ಪಟ್ಟಿಗಳಿಂದ. ಮೇಲಾಗಿ ಉತ್ತರ ಬರೆದವರೂ ಎಲ್ಲರಲ್ಲ. ನಾವೂ ನಮ್ಮೂರಿನ ವಾಟ್ಸಾಪ್ ಗುಂಪಿಗೇ ಕಳಿಸಿದರೆ ಉತ್ತರ ಕೊಡೋರು ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳು, ಅಳಿಯಂದಿರು. ಊರ ಮೇಲಿನ ಪ್ರೀತಿಗೆ ಹೂಂ ಅಂತಾರೆ.

ಅನ್ನ ಬೆಂದಿದೆಯೇ ಎಂದು ನೋಡೋಕೆ ಒಂದು ಅಗುಳು ಸಾಕು ಅಂತಾರೆ. ನಿಜ, ಆದರೆ ಪಾತ್ರೆ ಒಮ್ಮೆ ಕದಡಿರಬೇಕು. ಈ ಶಾಸ್ತ್ರದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲೇ, 1920ರಲ್ಲಿ. ನಾವು ಮಾಡಬೇಕಾದ್ದು ಇಷ್ಟು: ಊರಿನ ನಂಟಿಲ್ಲದವರ ಕೈಗೂ ಪ್ರಶ್ನೆ ಮುಟ್ಟಿಸೋದು. ಸ್ಮಾರ್ಟ್‌ಫೋನ್ ಇಲ್ಲದ ಹೆಂಗಸರನ್ನು ಅಂಗಡಿ ಮುಂದೆ ಕಂಡು ಬಾಯಲ್ಲೇ ಕೇಳಿ ಬರೆದುಕೊಳ್ಳೋದು. ಎಣ್ಣೆ ಆರಿಸುವವರು ಅವರೇ ತಾನೆ?

ಮೂರನೆಯದು, ಬಂದ ಉತ್ತರದ ಲೆಕ್ಕ. 200 ಉತ್ತರ ಬಂದು 140 ಜನ ಕೊಳ್ಳುತ್ತೇವೆ ಅಂದರು ಎಂದಿಟ್ಟುಕೊಳ್ಳಿ. ನೂರಕ್ಕೆ ಎಪ್ಪತ್ತು! ಚಪ್ಪಾಳೆ ತಟ್ಟಿ ಗಾಣ ತರೋಣ ಅನ್ನಿಸುತ್ತೆ. ಸ್ವಲ್ಪ ಬಿಡಿಸಿ ನೋಡಿ. 200ರಲ್ಲಿ 150 ನಮ್ಮ ನೆಂಟರು, ಅವರಲ್ಲಿ 120 ಜನ ಹೂಂ ಅಂದಿದ್ದಾರೆ. ಹೊರಗಿನವರು 50, ಹೂಂ ಅಂದವರು 20. ಅಂದರೆ ಹೊರಗಿನವರಲ್ಲಿ ನೂರಕ್ಕೆ ನಲವತ್ತು. ನಮ್ಮ ವ್ಯಾಪಾರ ನಿಲ್ಲಬೇಕಾದ್ದು ಈ ಹೊರಗಿನವರ ಮೇಲೆ. ಅದೂ ಬರೀ 50 ಜನರ ಮಾತು; ಚೀಟಿ ಎತ್ತಿದಂತೆ ಭೇದವಿಲ್ಲದೆ ಆರಿಸಿದ್ದರೂ ಲೆಕ್ಕ ಹದಿಮೂರು ಹದಿನಾಲ್ಕು ಪಾಯಿಂಟು ಆಚೀಚೆ ಆಗಬಹುದು. ಅದೇ 400 ಜನ ಆದರೆ ಐದರೊಳಗೆ ನಿಲ್ಲುತ್ತದೆ. ಆದರೆ ಆಯ್ಕೆಯೇ ಒಂದು ಕಡೆ ವಾಲಿದ್ದರೆ ನಾಲ್ಕು ಸಾವಿರ ಉತ್ತರ ಬಂದರೂ ಆ ತಪ್ಪು ಹೋಗೋದಿಲ್ಲ. ಒಬ್ಬರೇ ಎರಡು ಸಲ ತುಂಬಿದ್ದನ್ನು ಮೊದಲೇ ತೆಗೆದುಹಾಕಬೇಕು. ನೂರಕ್ಕೆ ಇಷ್ಟು ಅನ್ನುವಾಗ ಎಷ್ಟು ಜನರಲ್ಲಿ ಅಂತಲೂ ಬರೆಯಬೇಕು.

ಸದಸ್ಯ ಬಂಧುಗಳೇ, ನಮ್ಮ ಬಿನ್ನಹ ಇಷ್ಟೇ. ಎಷ್ಟು ಜನ ಹೊರಗಿನವರು, ಯಾವ ಬೆಲೆಗೆ ಒಪ್ಪಿದರೆ ಗಾಣ ಹಾಕೋಣ ಅನ್ನೋದನ್ನು ಕೇಳುವ ಮುಂಚೆಯೇ ಠರಾವು ಪುಸ್ತಕದಲ್ಲಿ ಬರೆದಿಡೋಣ. ಉತ್ತರ ನೋಡಿ ಆಮೇಲೆ ಗೆರೆ ಎಳೆಯೋದು ಬೇಡ. ಕೇಳುವ ಕೆಲಸವನ್ನು ಓದಿದ ನಮ್ಮ ಹೆಣ್ಣುಮಕ್ಕಳು, ಹುಡುಗರು ವಹಿಸಿಕೊಳ್ಳಲಿ. ಬಂದ ಉತ್ತರವನ್ನು, ನಮಗೆ ಹಿಡಿಸದ್ದನ್ನೂ ಸೇರಿಸಿ, ಸರ್ವಸದಸ್ಯರ ಸಭೆಯಲ್ಲಿ ಓದಿ ಹೇಳಲಿ. ಬೇಡ ಎಂಬ ಉತ್ತರ ಬಂದರೆ ಅದೂ ಲಾಭವೇ. ಷೇರಿನ ಹಣ ಉಳಿಯಿತು. ಬೇಕು ಎಂದು ಬಂದರೆ ಧೈರ್ಯವಾಗಿ ಕೈ ಹಾಕೋಣ.