ಊಟದ ಹಕ್ಕಿಗೆ ಮಾಂಸದ ಲೆಕ್ಕ

(ಓದುಗರ ಬಳಗವೊಂದರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದ ಸಂವಿಧಾನ ಮತ್ತು ಅಲ್ಲಿನ ನಾಗರಿಕ ಹಕ್ಕುಗಳ ಬಗ್ಗೆ ಮಾತನಾಡಬೇಕೆಂದು ಹೇಳಿದ್ದೀರಿ. ನಾನು ವಕೀಲನಲ್ಲ, ರಾಜ್ಯಶಾಸ್ತ್ರದ ಅಧ್ಯಾಪಕನೂ ಅಲ್ಲ, ಪತ್ರಿಕೆಯ ವರದಿಗಾರ. ಆದ್ದರಿಂದ ಇಡೀ ಸಂವಿಧಾನವನ್ನು ಹರಡಿಕೊಂಡು ಕೂರುವ ಬದಲು ಒಂದು ಹೋಟೆಲಿನ ಮೊಕದ್ದಮೆಯ ಜಾಡು ಹಿಡಿದು ಹೋಗುತ್ತೇನೆ.

ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ‘ಓಲೀಸ್ ಬಾರ್ಬೆಕ್ಯೂ’ ಎಂಬ ಹೋಟೆಲಿತ್ತು. 220 ಜನ ಕುಳಿತು ಉಣ್ಣುವಷ್ಟು ಜಾಗ. ಕೆಲಸಕ್ಕಿದ್ದ 36 ಮಂದಿಯಲ್ಲಿ ಮೂರನೆಯ ಎರಡು ಪಾಲು ಕಪ್ಪು ಜನ. ಆದರೆ ಕಪ್ಪು ಗಿರಾಕಿ ಬಂದರೆ ಪೊಟ್ಟಣ ಕಟ್ಟಿಸಿಕೊಂಡು ಹೊರಡಬೇಕು, ಒಳಗೆ ಕೂರುವಂತಿಲ್ಲ. ಬೇಯಿಸಿದ ಕೈಗೆ ಮೈಲಿಗೆಯಿಲ್ಲ, ಉಣ್ಣುವ ಬಾಯಿಗಿದೆ! ಈ ತರ್ಕ ನಮಗೇನೂ ಹೊಸದಲ್ಲ ಬಿಡಿ.

1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಪದ್ಧತಿ ಸಲ್ಲದು ಎಂದು ತೀರ್ಪಿತ್ತಿತು. ಒಳ್ಳೆಯದೇ ಆಯಿತು. ಆದರೆ ಆ ತೀರ್ಪನ್ನು ಓದಲು ಕುಳಿತವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಅಲ್ಲಿ ಮನುಷ್ಯನ ಘನತೆಗಿಂತ ಹೆಚ್ಚಾಗಿ ಚರ್ಚೆಯಾಗಿರುವುದು ಮಾಂಸದ ಖರೀದಿ. ಹಿಂದಿನ ವರ್ಷ ಆ ಹೋಟೆಲು ಸುಮಾರು ಒಂದೂವರೆ ಲಕ್ಷ ಡಾಲರಿನ ಆಹಾರ ಸಾಮಗ್ರಿ ಕೊಂಡಿತ್ತು. ಅದರಲ್ಲಿ 69,683 ಡಾಲರು, ಅಂದರೆ ಶೇಕಡ 46, ಬೇರೆ ರಾಜ್ಯಗಳಿಂದ ಬಂದ ಮಾಂಸದ ಬಾಬತ್ತು. ಈ ಲೆಕ್ಕದ ಮೇಲೆಯೇ ಕಪ್ಪು ಮನುಷ್ಯನಿಗೆ ಕುರ್ಚಿ ಸಿಕ್ಕಿತು. ಯಾಕೆ ಹೀಗೆ?

ಇದಕ್ಕೆ ಉತ್ತರ ಬೇಕಾದರೆ 1787ಕ್ಕೆ ಹೋಗಬೇಕು. ಬ್ರಿಟನ್ನಿನಿಂದ ಬಿಡಿಸಿಕೊಂಡ ಹದಿಮೂರು ರಾಜ್ಯಗಳಿಗೆ ಒಂದು ಕೇಂದ್ರ ಸರ್ಕಾರ ಬೇಕಿತ್ತು, ಆದರೆ ಅದರ ಭಯವೂ ಇತ್ತು. ಹಾಗಾಗಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಏನೇನು ಅಧಿಕಾರವಿದೆ ಎಂದು ಪಟ್ಟಿ ಮಾಡಿ ಬರೆದರು. ಪಟ್ಟಿಯಲ್ಲಿಲ್ಲದ ವಿಷಯದಲ್ಲಿ ಕಾನೂನು ಮಾಡುವಂತಿಲ್ಲ. ರಾಜ್ಯರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವುದು ಆ ಪಟ್ಟಿಯಲ್ಲಿದ್ದ ಒಂದು ಅಧಿಕಾರ. ಇದೇ ಸಂವಿಧಾನ ‘ಗುಲಾಮ’ ಎಂಬ ಪದವನ್ನು ಎಲ್ಲೂ ಬಳಸದೆ ಗುಲಾಮಗಿರಿಗೆ ಕಾವಲು ನಿಂತಿತ್ತು. ಪ್ರತಿನಿಧಿಗಳ ಸಂಖ್ಯೆ ನಿಗದಿ ಮಾಡುವಾಗ ಗುಲಾಮರನ್ನು ತಲೆಗೆ ಐದನೆಯ ಮೂರು ಪಾಲಿನಂತೆ ಎಣಿಸಲಾಗುತ್ತಿತ್ತು. ಓಟು ಮಾತ್ರ ಒಡೆಯನದು. 1857ರ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ರೋಜರ್ ಟೇನಿ, ಆಫ್ರಿಕ ಮೂಲದ ಗುಲಾಮರ ಸಂತತಿಯವರು ಅಮೆರಿಕದ ಪ್ರಜೆಗಳೇ ಆಗಲಾರರು ಎಂದು ಬರೆದರು.

ಅಂತರ್ಯುದ್ಧ ಇದನ್ನೆಲ್ಲ ತಲೆಕೆಳಗು ಮಾಡಿತು. 1865ರಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. 1868ರ 14ನೇ ತಿದ್ದುಪಡಿ ಅಮೆರಿಕದಲ್ಲಿ ಹುಟ್ಟಿ ಅದರ ಕಾನೂನಿಗೆ ಒಳಪಟ್ಟವರೆಲ್ಲ ಪ್ರಜೆಗಳು ಎಂದಿತು. ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ ಎಂದೂ ಸೇರಿಸಿತು. ಇದರ ಬಲದ ಮೇಲೆ ಕಾಂಗ್ರೆಸ್ಸು 1875ರಲ್ಲಿ ಒಂದು ಕಾನೂನು ತಂದಿತು: ವಸತಿಗೃಹ, ನಾಟಕಶಾಲೆ, ಸಾರ್ವಜನಿಕ ವಾಹನಗಳಲ್ಲಿ ಬಣ್ಣ ನೋಡಿ ಹೊರಗಿಡುವುದು ಅಪರಾಧ. ಗಮನಿಸಿ, 1875ರಲ್ಲಿ!

ಆ ಕಾನೂನು ಬಾಳಿದ್ದು ಎಂಟೇ ವರ್ಷ. 1883ರಲ್ಲಿ ಐದು ಮೊಕದ್ದಮೆಗಳು ಒಟ್ಟಿಗೆ ಸುಪ್ರೀಂ ಕೋರ್ಟಿಗೆ ಬಂದವು. ಅವೆಲ್ಲ ದಕ್ಷಿಣದವೇ ಅಲ್ಲ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಗಳ ನಾಟಕಶಾಲೆಗಳೂ ಇದ್ದವು. ನ್ಯಾಯಾಧೀಶರು ‘ರಾಜ್ಯ’ ಎಂಬ ಒಂದು ಪದವನ್ನು ಹಿಡಿದುಕೊಂಡರು. ತಿದ್ದುಪಡಿ ರಾಜ್ಯ ಸರ್ಕಾರದ ಕೈ ಕಟ್ಟುತ್ತದೆಯೇ ಹೊರತು ಹೋಟೆಲಿನ ಮಾಲೀಕನ ಕೈಯನ್ನಲ್ಲ, ಖಾಸಗಿ ವ್ಯಕ್ತಿ ಭೇದ ಮಾಡಿದರೆ ಅದು ಕಾಂಗ್ರೆಸ್ಸಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಎಂಟು ಮಂದಿ ಹೇಳಿದರು.

ಒಪ್ಪದೆ ಉಳಿದವರು ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ. ಅವರು ಕೆಂಟಕಿಯವರು, ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದವರು. ಅವರ ಪತ್ನಿ ಮಾಲ್ವಿನಾ ತಮ್ಮ ನೆನಪುಗಳಲ್ಲಿ ಒಂದು ಸಂಗತಿ ಬರೆದಿದ್ದಾರೆ. ಭಿನ್ನಮತದ ತೀರ್ಪು ಬರೆಯಲು ಕುಳಿತ ಹಾರ್ಲನ್‌ಗೆ ದಿನಗಟ್ಟಲೆ ಲೇಖನಿ ಓಡಲಿಲ್ಲವಂತೆ. ಡ್ರೆಡ್ ಸ್ಕಾಟ್ ತೀರ್ಪು ಬರೆಯಲು ಟೇನಿ ಬಳಸಿದ್ದ ಮಸಿಕುಡಿಕೆ ಅವರ ಮನೆಯಲ್ಲಿತ್ತು. ಪತ್ನಿ ಅದನ್ನು ಒರೆಸಿ, ಮಸಿ ತುಂಬಿಸಿ ಮೇಜಿನ ಮೇಲಿಟ್ಟರಂತೆ. ಆಮೇಲೆ ಬರವಣಿಗೆ ಸರಾಗವಾಯಿತು. ರೈಲು, ವಸತಿಗೃಹ, ನಾಟಕಶಾಲೆ ಇವೆಲ್ಲ ಸಾರ್ವಜನಿಕರ ಸೇವೆಗಾಗಿ ಸರ್ಕಾರದ ಪರವಾನಗಿ ಪಡೆದು ನಡೆಯುವಂಥವು, ಇವನ್ನು ಬರೀ ಖಾಸಗಿ ಎನ್ನಲಾಗದು ಎಂಬುದು ಅವರ ವಾದ. ಇಂದಿಗೂ ಗಟ್ಟಿಯಾಗಿ ನಿಲ್ಲುವ ವಾದ ಅದು ಎಂದೇ ನನ್ನ ಅನಿಸಿಕೆ.

1896ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಲೂಸಿಯಾನದ ಹೋಮರ್ ಪ್ಲೆಸ್ಸಿ ಬಿಳಿಯರ ರೈಲುಡಬ್ಬಿಯಲ್ಲಿ ಕುಳಿತಿದ್ದಕ್ಕೆ 1892ರಲ್ಲಿ ಬಂಧನವಾಗಿತ್ತು. ಇಲ್ಲಿ ಭೇದ ಮಾಡಿದ್ದು ರಾಜ್ಯದ ಕಾನೂನೇ. ಆದರೂ ಡಬ್ಬಿಗಳು ಬೇರೆಯಾದರೂ ಸಮಾನವಾಗಿದ್ದರೆ ತೊಂದರೆಯಿಲ್ಲ ಎಂದು ಕೋರ್ಟು ಕೈತೊಳೆದುಕೊಂಡಿತು. ಆಗಲೂ ಹಾರ್ಲನ್ ಒಬ್ಬರೇ ಒಪ್ಪಲಿಲ್ಲ. (ಲೂಸಿಯಾನದ ಗವರ್ನರ್ ಪ್ಲೆಸ್ಸಿಗೆ ಮರಣೋತ್ತರ ಕ್ಷಮಾದಾನ ಕೊಟ್ಟದ್ದು 2022ರಲ್ಲಿ.) ಈ ನಡುವೆ 14ನೇ ತಿದ್ದುಪಡಿ ನಿದ್ದೆ ಮಾಡುತ್ತಿರಲಿಲ್ಲ. 1905ರಲ್ಲಿ ಬೇಕರಿ ಕಾರ್ಮಿಕರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಮಿತಿಗೊಳಿಸಿದ್ದ ನ್ಯೂಯಾರ್ಕಿನ ಕಾನೂನನ್ನು ಹೊಡೆದುಹಾಕಲು ಅದೇ ತಿದ್ದುಪಡಿ ಉಪಯೋಗಕ್ಕೆ ಬಂತು.

ಇಲ್ಲಿ ನಮ್ಮವರೊಬ್ಬರ ಪ್ರಸಂಗ ಹೇಳಬೇಕು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರು ಕಡೆಯ ಬೆನೆಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. 14ನೇ ತಿದ್ದುಪಡಿಯಲ್ಲಿರುವ ಹಾಗೆ ‘ಡ್ಯೂ ಪ್ರೋಸೆಸ್’ ಎಂಬ ಮಾತನ್ನು ಬರೆದು ನ್ಯಾಯಾಧೀಶರ ಕೈಗೆ ಅಷ್ಟು ಅಧಿಕಾರ ಕೊಡಬೇಡಿ ಎಂದು ಫ್ರಾಂಕ್‌ಫರ್ಟರ್ ಹೇಳಿದರು. ನಮ್ಮ 21ನೇ ವಿಧಿಯಲ್ಲಿ ಆ ಮಾತು ಇಲ್ಲದಿರುವುದಕ್ಕೆ ಈ ಭೇಟಿಯೂ ಒಂದು ಕಾರಣ. ನಮ್ಮವರು ಇನ್ನೊಂದು ಜಾಣತನವನ್ನೂ ಮಾಡಿದರು. ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು 15ನೇ ವಿಧಿಯಲ್ಲೇ ಬರೆದರು. ತಡೆಯುವವನು ಸರ್ಕಾರವೋ ಮಾಲೀಕನೋ ಎಂಬ ಪ್ರಶ್ನೆಗೆ ಅಲ್ಲಿ ಆಸ್ಪದವೇ ಇಲ್ಲ. ಆಮೇಲೂ ಹಳ್ಳಿಯ ಚಹಾ ಅಂಗಡಿಗಳಲ್ಲಿ ಎರಡು ಬಗೆಯ ಲೋಟಗಳು ಉಳಿದುಕೊಂಡದ್ದು ಬೇರೆ ಮಾತು.

ಅಮೆರಿಕಕ್ಕೆ ಮರಳೋಣ. 1954ರ ಮೇ 17ರಂದು ಬ್ರೌನ್ ಮೊಕದ್ದಮೆಯಲ್ಲಿ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ, ಬಣ್ಣದ ಆಧಾರದ ಮೇಲೆ ಬೇರೆ ಬೇರೆ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದರು. ಆದರೆ ಶಾಲೆ ಸರ್ಕಾರದ್ದು, ಹೋಟೆಲು ಖಾಸಗಿಯವರದು. 1883ರ ಗೋಡೆ ಹಾಗೇ ನಿಂತಿತ್ತು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನ ವೂಲ್ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲೂ ಇಲ್ಲ. ಕೆಲವೇ ವಾರಗಳಲ್ಲಿ ಈ ಸತ್ಯಾಗ್ರಹ ದಕ್ಷಿಣದ ಹತ್ತಾರು ಊರುಗಳಿಗೆ ಹಬ್ಬಿತು.

ಹೊಸ ಕಾನೂನು ತರಲು ಹೊರಟ ಕೆನಡಿ ಸರ್ಕಾರಕ್ಕೆ 1883 ಮತ್ತೆ ಅಡ್ಡಬರುವ ಭಯವಿತ್ತು. ಅದಕ್ಕೇ ವ್ಯಾಪಾರದ ಅಧಿಕಾರವನ್ನು ಮುಂದೆ ಮಾಡಿದರು. ರಾತ್ರಿ ತಂಗಲು ಜಾಗ ಸಿಗದ ಕಪ್ಪು ಮನುಷ್ಯ ಪ್ರಯಾಣವನ್ನೇ ಮಾಡುವುದಿಲ್ಲ, ಅದರಿಂದ ರಾಜ್ಯರಾಜ್ಯಗಳ ನಡುವಿನ ವ್ಯಾಪಾರ ಕುಗ್ಗುತ್ತದೆ ಎಂಬುದು ತರ್ಕ. ಎಲ್ಲಿ ತಂಗಬಹುದೆಂದು ತಿಳಿಸುವ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನು ಕಪ್ಪು ಪ್ರಯಾಣಿಕರು 1936ರಿಂದಲೂ ಇಟ್ಟುಕೊಂಡು ತಿರುಗುತ್ತಿದ್ದರು ಎಂದಮೇಲೆ ಈ ವಾದ ಸುಳ್ಳೇನಲ್ಲ. ಸೆನೆಟ್ಟಿನಲ್ಲಿ ದಕ್ಷಿಣದ ಸದಸ್ಯರು ವಾರಗಟ್ಟಲೆ ಮಾತನಾಡಿ ಮಸೂದೆಯನ್ನು ತಡೆದರು. ಕೊನೆಗೆ 71-29 ಮತಗಳಿಂದ ಅವರ ಬಾಯಿ ಮುಚ್ಚಿಸಬೇಕಾಯಿತು. 1964ರ ಜುಲೈ 2ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು.

ಆ ವರ್ಷವೇ ಎರಡು ಮೊಕದ್ದಮೆಗಳು ಕೋರ್ಟಿನ ಮುಂದೆ ಬಂದವು. ಅಟ್ಲಾಂಟದ 216 ಕೋಣೆಗಳ ಮೋಟೆಲೊಂದರ ಮಾಲೀಕ, ಬೇಡವಾದವರಿಗೆ ಸೇವೆ ಮಾಡಿಸುವುದು ತನ್ನನ್ನೇ ಗುಲಾಮನನ್ನಾಗಿಸಿದಂತೆ ಎಂದು 13ನೇ ತಿದ್ದುಪಡಿಯನ್ನೇ ಎತ್ತಿ ತೋರಿಸಿದ. ಎಂಥ ಧೈರ್ಯ! ಅವನ ಅತಿಥಿಗಳಲ್ಲಿ ಮುಕ್ಕಾಲು ಪಾಲು ಹೊರರಾಜ್ಯದವರಾದ್ದರಿಂದ ಅವನು ಸುಲಭವಾಗಿ ಸೋತ. ‘ಓಲೀಸ್’ನ ಗಿರಾಕಿಗಳು ಸ್ಥಳೀಯರು. ಹಾಗಾಗಿ ಅಲ್ಲಿ ಮಾಂಸದ ಲೆಕ್ಕ ಬೇಕಾಯಿತು. ಡಿಸೆಂಬರ್ 14ರಂದು ಎರಡರಲ್ಲೂ ಒಮ್ಮತದ ತೀರ್ಪು ಬಂತು. ನ್ಯಾಯಾಧೀಶ ಡಗ್ಲಸ್ ಮಾತ್ರ ಮನುಷ್ಯರ ಹಕ್ಕನ್ನು ವ್ಯಾಪಾರದ ಮೇಲೆ ನಿಲ್ಲಿಸುವುದು ತಮಗೆ ಸರಿಬೀಳುವುದಿಲ್ಲ, 14ನೇ ತಿದ್ದುಪಡಿಯ ಮೇಲೇ ನಿಲ್ಲಿಸಬೇಕಿತ್ತು ಎಂದು ಬೇರೆಯಾಗಿ ಬರೆದರು. 1883ರ ತೀರ್ಪನ್ನು ಕೋರ್ಟು ರದ್ದು ಮಾಡಲಿಲ್ಲ. ಅದು ಇಂದಿಗೂ ಊರ್ಜಿತದಲ್ಲಿದೆ.

ಅಟ್ಲಾಂಟದಲ್ಲೇ ಲೆಸ್ಟರ್ ಮ್ಯಾಡಕ್ಸ್ ಎಂಬ ಇನ್ನೊಬ್ಬ ಹೋಟೆಲು ಮಾಲೀಕನಿದ್ದ. ಹೊಸ ಕಾನೂನು ನಂಬಿ ಬಂದ ಕಪ್ಪು ಯುವಕರನ್ನು ಆತ ಪಿಸ್ತೂಲು ತೋರಿಸಿ ಓಡಿಸಿದ. ಅವನ ಬೆಂಬಲಿಗರು ಕೊಡಲಿಯ ಕಾವು ಹಿಡಿದು ನಿಂತಿದ್ದರು. ಕೋರ್ಟಿನಲ್ಲಿ ಸೋತ ಮೇಲೆ ಕಪ್ಪು ಜನರಿಗೆ ಬಡಿಸುವ ಬದಲು ಹೋಟೆಲನ್ನೇ ಮುಚ್ಚಿದ. 1967ರಲ್ಲಿ ಆತ ಜಾರ್ಜಿಯದ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡ.