ಕಾಸಿಮೇಡಿನ ಋಣ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಬಾಡಿಗೆ ಕಡಮೆಯೆಂದು ಕಾಸಿಮೇಡಿಗೆ ಬಂದವರು ನಾವು. ಬೆಳಗಾದರೆ ಬುತ್ತಿ ಹಿಡಿದು ಕೆಲಸಕ್ಕೆ ಹೊರಡುತ್ತೇವೆ; ಇರುಳು ಮಲಗಲು ಬರುತ್ತೇವೆ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡದ್ದೂ ಉಂಟು. ಆದರೆ ಈ ನೆಲದ ಋಣ ನಮ್ಮ ಮೇಲೆ ಬಹಳ ಹಳೆಯದು.

ಪಕ್ಕದ ರಾಯಪುರದಿಂದ 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. 1864ರಲ್ಲಿ ಬೆಂಗಳೂರಿನ ಹಳಿ ಜೋಲಾರಪೇಟೆಯಲ್ಲಿ ಆ ದಾರಿಯನ್ನು ಕೂಡಿಕೊಂಡಿತು. ಸೆಂಟ್ರಲ್ ನಿಲ್ದಾಣ ತೆರೆದದ್ದು 1873ರಲ್ಲಿ. ಅದಕ್ಕೆ ಮುಂಚೆ ರೈಲಿನಲ್ಲಿ ಬಂದ ನಮ್ಮ ಹಿರಿಯರಿಗೆ ಮದರಾಸಿನ ಬಾಗಿಲು ರಾಯಪುರವೇ.

ಇನ್ನು ಕಡಲಿನ ಮಾತು. ಈ ಕರಾವಳಿಯಲ್ಲಿ ಅಲೆಗಳು ಮರಳನ್ನು ಬಹುಮಟ್ಟಿಗೆ ದಕ್ಷಿಣದಿಂದ ಉತ್ತರಕ್ಕೆ ಒಯ್ಯುತ್ತವೆ. 1870ರ ದಶಕದಲ್ಲಿ ಕಟ್ಟತೊಡಗಿದ ಬಂದರಿನ ಗೋಡೆಗಳು ಅದಕ್ಕೆ ಅಡ್ಡವಾದವು. ದಕ್ಷಿಣದಲ್ಲಿ ಮರಳು ನಿಂತು ಮರೀನಾ ಹಿಗ್ಗಿತು. ಉತ್ತರದಲ್ಲಿ ನಮ್ಮ ದಡ ಸವೆಯಿತು. ಭಾನುವಾರ ನಾವು ಕುಳಿತು ಗಾಳಿ ಸೇವಿಸುವ ಆ ಮರಳು ಈ ಬೆಸ್ತರ ದಡಕ್ಕೆ ಬರಬೇಕಾಗಿದ್ದುದು. ಈಗ ಇಲ್ಲಿಗೆ ಕಲ್ಲುಬಂಡೆಗಳೇ ಕಾವಲು. 2004ರ ಡಿಸೆಂಬರ್ 26ರ ಸುನಾಮಿ ಇವರ ದೋಣಿಗಳನ್ನೂ ಒಡೆಯಿತು.

ಪ್ರತಿವರ್ಷ ಏಪ್ರಿಲ್ 15ರಿಂದ 61 ದಿನ, ಮೀನು ಮರಿಮಾಡುವ ಕಾಲವೆಂದು, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ನೆರೆಮನೆಯ ಒಲೆ ತಣ್ಣಗಾಗುತ್ತದೆ. ನಮ್ಮ ಸಂಬಳ ತಡವಾದಾಗ ಕಡ ಕೊಟ್ಟವರು ಆ ಮೀನು ಮಾರುವ ಅಕ್ಕಂದಿರೇ ಅಲ್ಲವೆ? ಆ ದಿನಗಳಲ್ಲಿ ಅವರು ಬಾಗಿಲಿಗೆ ಬಂದರೆ ಇಲ್ಲವೆನ್ನದಿರೋಣ. ಊರನ್ನು ನಮ್ಮದೆನ್ನಲು ಬೇರೆ ದಾರಿಯಿಲ್ಲ.